ಉಪಗ್ರಹವನ್ನು ತಿದ್ದಲು ಹೋದವನು

ತಪ್ಪು ಯಾರದು ಎಂದು ಹುಡುಕಲು ಹೊರಟರೆ ನಾನು ಬಹಳ ಬೇಗ ಉತ್ತರಕ್ಕೆ ಬಂದುಬಿಡುತ್ತೇನೆ. ಆ ಉತ್ತರದಲ್ಲಿ ನನ್ನ ಹೆಸರು ಮಾತ್ರ ಎಂದೂ ಬಂದಿರಲಿಲ್ಲ. ಮನೆಗೆ ತಂದ ತೂಕದ ಯಂತ್ರ ನನ್ನನ್ನು ನಾಲ್ಕು ಕಿಲೋ ಹೆಚ್ಚು ತೋರಿಸಿದಾಗ, ನೆಲ ಸಮ ಇಲ್ಲವೆಂದು ಅದನ್ನು ಅಡುಗೆಮನೆಗೆ ಒಯ್ದೆ, ಅಲ್ಲಿಂದ ದೇವರ ಕೋಣೆಗೆ ಒಯ್ದೆ, ಕೊನೆಗೆ ಯಂತ್ರವೇ ಸರಿಯಿಲ್ಲವೆಂದು ಅಂಗಡಿಗೆ ವಾಪಸು ಕೊಟ್ಟುಬಂದೆ. ಯಂತ್ರ ಮನೆ ತುಂಬ ಅಡ್ಡಾಡಿತು, ಅದರ ಬದಲು ನೀವು ಅಡ್ಡಾಡಿದ್ದರೆ ತೂಕವಾದರೂ ಇಳಿಯುತ್ತಿತ್ತು ಎಂದಳು ಹೆಂಡತಿ. ಇಂಥ ಸ್ವಭಾವದವನ ಕೈಗೆ ಅಳತೆ ತಿದ್ದುವ ಕೆಲಸ ಕೊಡಬಾರದು. ಆದರೆ ಕೊಟ್ಟವರಿಗೆ ನನ್ನ ಸ್ವಭಾವ ಗೊತ್ತಿರಲಿಲ್ಲ. ಸುರಪುರದ ಡಿಪ್ಲೊಮಾ ಕಾಲೇಜೊಂದರ ಭೌತಶಾಸ್ತ್ರ ಲ್ಯಾಬಿನಲ್ಲಿ ನಾನು ಇಪ್ಪತ್ತಾರು ವರ್ಷ ಲೋಲಕ ತೂಗಾಡಿಸಿದ್ದೇನೆ ಎಂಬುದಷ್ಟೇ ಗೊತ್ತಿತ್ತು.

ಕೆಲಸ ಹೀಗಿತ್ತು. ರಾಡಾರ್ ಹೊತ್ತ ಉಪಗ್ರಹವೊಂದು ಹನ್ನೆರಡು ದಿನಕ್ಕೊಮ್ಮೆ ನಮ್ಮ ಸೀಮೆಯ ಮೇಲೆ ಹಾದುಹೋಗುತ್ತದೆ. ಅದು ಕ್ಯಾಮೆರಾದಂತೆ ಬೆಳಕಿಗೆ ಕಾಯುವುದಿಲ್ಲ. ತಾನೇ ಒಂದು ಅಲೆಯನ್ನು ಕೆಳಗೆ ಕಳಿಸಿ, ನೆಲಕ್ಕೆ ತಾಗಿ ಮರಳಿ ಬಂದದ್ದನ್ನು ಕೇಳಿಸಿಕೊಂಡು ಚಿತ್ರ ಮಾಡುತ್ತದೆ. ಮೋಡವಿದ್ದರೂ ಸರಿ, ಕತ್ತಲಿದ್ದರೂ ಸರಿ. ಯಾವ ಹೊಲಕ್ಕೆ ನೆರೆ ನುಗ್ಗಿದೆ, ಎಲ್ಲಿ ನೆಲ ಬೆರಳಗಲ ಕುಸಿದಿದೆ ಎಂಬುದನ್ನೆಲ್ಲ ಅದರಿಂದ ಅಳೆಯುತ್ತಾರೆ. ಆದರೆ ವರ್ಷಗಟ್ಟಲೆ ಮೇಲೆ ತಿರುಗುವ ಯಂತ್ರದ ಕಿವಿ ಮಂದವಾದರೆ ತಿಳಿಯುವುದು ಹೇಗೆ? ಅದಕ್ಕಾಗಿ ನೆಲದ ಮೇಲೆ ಒಂದು ಗೊತ್ತಿರುವ ವಸ್ತುವನ್ನು ಇಡುತ್ತಾರೆ. ಆಳೆತ್ತರದ ಮೂರು ಅಲ್ಯೂಮಿನಿಯಂ ತಗಡುಗಳನ್ನು ಕೋಣೆಯ ಮೂಲೆಯಂತೆ ಜೋಡಿಸಿದ್ದು. ಯಾವ ದಿಕ್ಕಿನಿಂದ ಅಲೆ ಬಂತೋ ಅದೇ ದಿಕ್ಕಿಗೆ ಅದು ತಿರುಗಿಸಿ ಕಳಿಸುತ್ತದೆ. ಎಷ್ಟು ಮರಳಬೇಕೆಂಬ ಲೆಕ್ಕ ಮೊದಲೇ ಮಾಡಿಟ್ಟಿರುತ್ತಾರೆ. ಚಿತ್ರದಲ್ಲಿ ಆ ಮೂಲೆ ಒಂದು ಹೊಳೆಯುವ ಚುಕ್ಕೆಯಾಗಿ ಬೀಳುತ್ತದೆ. ಚುಕ್ಕೆಯ ಹೊಳಪನ್ನು ಲೆಕ್ಕದ ಜೊತೆ ಹೋಲಿಸಿ ಉಪಗ್ರಹವನ್ನು ತಿದ್ದುತ್ತಾರೆ. ದೇಶದಲ್ಲಿ ಅಲ್ಲಲ್ಲಿ ಇಟ್ಟಿದ್ದ ಇಂಥ ಮೂಲೆಗಳಲ್ಲಿ ಒಂದನ್ನು ನೋಡಿಕೊಳ್ಳುವವನು ನಾನು. ಉಪಗ್ರಹ ಬೆಳಗ್ಗೆ ಬರುವುದಿದ್ದರೆ ಮೂಲೆಯ ಮುಖವನ್ನು ಪೂರ್ವಕ್ಕೆ, ಸಂಜೆ ಬರುವುದಿದ್ದರೆ ಪಶ್ಚಿಮಕ್ಕೆ ದಿಕ್ಸೂಚಿ ನೋಡಿ ತಿರುಗಿಸಬೇಕು, ಒಳಗೆ ಬಿದ್ದ ಧೂಳು, ನೀರು ತೆಗೆಯಬೇಕು. ಹೇಳುವಾಗ ಮಾತ್ರ ನಾನು, ಉಪಗ್ರಹ ತಿದ್ದುತ್ತೇನೆ ಎನ್ನುತ್ತಿದ್ದೆ.

ಸುತ್ತ ಕಟ್ಟಡ, ಕಂಬ, ತಂತಿ ಇಲ್ಲದ ಜಾಗ ಬೇಕಾಗಿತ್ತು. ರಂಗಂಪೇಟೆಯ ಆಚೆ ಸಾಯಬಣ್ಣ ಕಾಕಾ ತಮ್ಮ ತೊಗರಿ ಹೊಲದ ಒಂದು ಮೂಲೆಯನ್ನು ಬಿಟ್ಟುಕೊಟ್ಟರು. ಬಾಡಿಗೆ ಬೇಡವೆಂದರು. ನನಗಿಂತ ಹತ್ತು ವರ್ಷಕ್ಕೆ ಹಿರಿಯರು, ಮಾತು ಕಡಿಮೆ. ನಾನು ಬರುವಷ್ಟರಲ್ಲಿ ಹೆಗಲ ಮೇಲಿನ ಟವೆಲ್ಲಿನಿಂದ ತಗಡಿನ ಧೂಳು ಒರೆಸಿ, ಬದುವಿನ ಮೇಲೆ ಕೂತಿರುತ್ತಿದ್ದರು. ನಾನು ಗಡಿಯಾರ, ಬೆಲ್ಟು, ಕೀಲಿಗೊಂಚಲು ಎಲ್ಲ ಬಿಚ್ಚಿ ಅವರ ಕೈಗೆ ಕೊಟ್ಟು, ಕಬ್ಬಿಣ ಹತ್ತಿರವಿದ್ದರೆ ದಿಕ್ಸೂಚಿಯ ಮುಳ್ಳು ಕೆಡುತ್ತದೆ ಎಂದು ಪ್ರತಿಸಲವೂ ಪಾಠ ಹೇಳುತ್ತಿದ್ದೆ. ಅವರು ಪ್ರತಿಸಲವೂ ಹೊಸದಾಗಿ ಕೇಳಿದಂತೆ ಹೂಂಗುಡುತ್ತಿದ್ದರು. ನಿಧಾನವಾಗಿ ಅದು ನಾನು ಎದುರುನೋಡುವ ಹೊತ್ತಾಗಿಬಿಟ್ಟಿತು. ಲ್ಯಾಬಿನಲ್ಲಿ ನನ್ನ ಮಾತನ್ನು ಅಷ್ಟು ಹೊತ್ತು ಯಾರೂ ಕೇಳುತ್ತಿರಲಿಲ್ಲ.

ಎರಡನೆಯ ವರ್ಷದ ಮಳೆಗಾಲಕ್ಕೆ ಚುಕ್ಕೆ ಮಂಕಾಯಿತು. ಹೈದರಾಬಾದಿನಿಂದ ಈ ಕೆಲಸ ನೋಡಿಕೊಳ್ಳುವ ಮೇಡಂ ಫೋನ್ ಮಾಡಿ, ಬೇರೆ ಊರುಗಳ ಮೂಲೆಗಳೆಲ್ಲ ಲೆಕ್ಕಕ್ಕೆ ಸರಿಯಾಗಿವೆ, ನಿಮ್ಮದೊಂದೇ ಅರ್ಧಕ್ಕೆ ಇಳಿದಿದೆ, ನೀರು ನಿಂತಿದೆಯೇ ನೋಡಿ ಎಂದರು. ನೀರಿರಲಿಲ್ಲ. ತಗಡು ಸೊಟ್ಟಗಾಗಿದೆಯೇ ಎಂದು ಮೂಲೆಮಟ್ಟವಿಟ್ಟು ನೋಡಿದೆ. ಆಗಿರಲಿಲ್ಲ. ಎರಡು ಮೂರು ಡಿಗ್ರಿ ದಿಕ್ಕು ತಪ್ಪಿದರೆ ಈ ಮೂಲೆ ಕ್ಷಮಿಸುತ್ತದೆ. ಅರ್ಧಕ್ಕೆ ಇಳಿಯಬೇಕಾದರೆ ದೊಡ್ಡ ತಿರುವೇ ಬೇಕು. ಮುಂದಿನ ಸಲವೂ ಮಂಕು, ಅದರ ಮುಂದಿನ ಸಲವೂ ಮಂಕು. ನಾನು ನನ್ನ ಪದ್ಧತಿಯಂತೆ ಬೇಗ ಉತ್ತರಕ್ಕೆ ಬಂದೆ. ನಾನು ಇಟ್ಟುಹೋದ ಮೇಲೆ ಯಾರೋ ಅದನ್ನು ತಿರುಗಿಸುತ್ತಿದ್ದಾರೆ. ಹೊಲದಲ್ಲಿ ಇರುವವರು ಯಾರು? ಸಾಯಬಣ್ಣ ಕಾಕಾ. ವರದಿಯ ಷರಾದಲ್ಲಿ, ಜಮೀನಿನವರ ಕಡೆಯಿಂದ ಉಪಕರಣ ಅಲುಗುತ್ತಿರುವ ಸಂಭವವಿದೆ ಎಂದು ಬರೆದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮರುದಿನ ಹೊಲಕ್ಕೆ ಹೋಗಿ, ಗಡಿಯಾರ, ಬೆಲ್ಟು, ಕೀಲಿ ಎಂದಿನಂತೆ ಕಾಕಾರ ಕೈಗೆ ಕೊಟ್ಟು, ಕಳೆ ತೆಗೆಯುತ್ತಿದ್ದ ಏಳೆಂಟು ಹೆಣ್ಣುಮಕ್ಕಳ ಎದುರಿಗೆ, ಒರೆಸುವ ನೆವದಲ್ಲಿ ಅದನ್ನು ಯಾಕೆ ಸರಿಸುತ್ತೀರಿ, ನಿಮ್ಮಿಂದ ಉಪಗ್ರಹದ ಅಳತೆ ಕೆಟ್ಟಿದೆ ಎಂದು ಕೇಳಿದೆ. ಲ್ಯಾಬಿನಲ್ಲಿ ಕೇಳುವ ದನಿಯಲ್ಲೇ ಕೇಳಿದೆ.



"ನಾ ಸರಿಸಿಲ್ರಿ ಸರ. ಧೂಳ ಒರಸೀನಿ, ಅಷ್ಟ" ಎಂದರು ಕಾಕಾ. ಆಮೇಲೆ, "ನಿಮಗ ನನ್ನ ಮ್ಯಾಲ ಅನುಮಾನ ಬಂದದಂದ್ರ ಇದು ಇಲ್ಲಿ ಇರೋದು ಬ್ಯಾಡ. ಒಯ್ರಿ" ಎಂದು ಕೈಯಲ್ಲಿದ್ದ ನನ್ನ ಗಡಿಯಾರ, ಬೆಲ್ಟು, ಕೀಲಿಗಳನ್ನು ಒಂದೊಂದಾಗಿ ಬದುವಿನ ಮೇಲಿಟ್ಟು ನಡೆದರು.

ಕಳೆ ತೆಗೆಯುವವರು ಮಾತನ್ನು ಅಲ್ಲೇ ಬಿಟ್ಟುಹೋಗಲಿಲ್ಲ. ಸಾಯಬಣ್ಣ ಸರಕಾರದ ಉಪಗ್ರಹ ಕೆಡಿಸಿದರಂತೆ ಎಂದು ರಂಗಂಪೇಟೆಯಲ್ಲಿ ಹಬ್ಬಿತು. ಚಹಾದಂಗಡಿಯಲ್ಲಿ ಅವರನ್ನು ಕಂಡರೆ, ಕಾಕಾ, ಇವತ್ತು ಆಕಾಶಕ್ಕೆ ಏನು ಮಾಡಿದಿರಿ ಎಂದು ಕೇಳುವವರು ಹುಟ್ಟಿಕೊಂಡರು. ಅವರು ಅಂಗಡಿಗೆ ಬರುವುದನ್ನು ಬಿಟ್ಟರು. ಇದು ನನ್ನ ಕಿವಿಗೂ ಬಿತ್ತು. ತಪ್ಪು ಮಾಡಿದವರಿಗೆ ನಾಚಿಕೆಯಾಗುವುದು ಸಹಜ ಎಂದುಕೊಂಡೆ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೆ ಹಾಗೆಯೇ ಅಂದುಕೊಂಡಿದ್ದೆ.

ಮೂಲೆಯನ್ನು ಟ್ರ್ಯಾಕ್ಟರಿನಲ್ಲಿ ಶಹಾಪುರದ ಹೊರಗಿನ ಒಂದು ಬಯಲಿಗೆ ಸಾಗಿಸಿದೆ. ಸುತ್ತ ತಂತಿಬೇಲಿ, ಬೀಗ, ಬೀಗದ ಕೀಲಿ ನನ್ನ ಹತ್ತಿರ. ಬೇಲಿ ದೂರವೇ ಇತ್ತು, ಅಷ್ಟು ಎಚ್ಚರ ನನಗೂ ಉಂಟು. ಮೂರು ಸಲ ಉಪಗ್ರಹ ಹಾದುಹೋಯಿತು. ಮೂರೂ ಸಲ ಮಂಕು. ಮೇಡಂ ಸಮಾಧಾನದ ಹೆಂಗಸು. "ಸರ್, ಜಾಗ ಬದಲಾಯಿತು, ಜನ ಬದಲಾದರು. ಎರಡೂ ಕಡೆ ಬದಲಾಗದೆ ಉಳಿದಿರುವುದು ಏನು ಅಂತ ಒಂದು ಸಲ ಯೋಚನೆ ಮಾಡಿ" ಎಂದರು. ನಾನು ಯೋಚಿಸಿದೆ. ದಿಕ್ಸೂಚಿ ಬದಲಾಗಿಲ್ಲ ಎಂದು ಹೊಳೆಯಿತು. ಹೊಸ ದಿಕ್ಸೂಚಿ ಕಳಿಸಿರೆಂದು ಅರ್ಜಿ ಬರೆದೆ.

ಅದು ಬರುವ ಮೊದಲೇ ಒಂದು ಸಂಜೆ ಬಯಲಿನಲ್ಲಿ ಬಗ್ಗಿ ಮುಳ್ಳು ನೋಡುತ್ತಿದ್ದೆ. ಎಂದಿನಂತೆ ಗಡಿಯಾರ, ಬೆಲ್ಟು, ಕೀಲಿ ದೂರವಿಟ್ಟಿದ್ದೆ. ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತು, ಹೆಂಡತಿಯದು. ಬರುವಾಗ ಶಹಾಪುರದಿಂದ ಕೊತ್ತಂಬರಿ ತರಬೇಕಂತೆ. ಬಗ್ಗಿದಲ್ಲಿಂದಲೇ ಫೋನು ತೆಗೆದು ಕಿವಿಗೆ ಹಿಡಿದೆ. ದಿಕ್ಸೂಚಿಯ ಮುಳ್ಳು ಸರ್ರನೆ ಹೊರಳಿ ಬೇರೆಯೇ ಕಡೆಗೆ ನಿಂತಿತು. ಫೋನನ್ನು ಜೇಬಿಗೆ ಹಾಕಿ ಬಗ್ಗಿದೆ, ಮುಳ್ಳು ನನ್ನ ಕಡೆ ಬಂತು. ತೆಗೆದೆ, ಹೋಯಿತು. ಇಪ್ಪತ್ತೆರಡು ಡಿಗ್ರಿ. ಫೋನಿನ ಚೀಲಕ್ಕೆ ಟಪ್ಪೆಂದು ಮುಚ್ಚಿಕೊಳ್ಳುವ ಮುಚ್ಚಳವಿತ್ತು. ಮುಚ್ಚಳದೊಳಗೆ ಅಯಸ್ಕಾಂತ. ಹಳೆಯ ಚೀಲ ಹರಿದು ಅದನ್ನು ಕೊಂಡದ್ದು ಯಾವಾಗ? ಚುಕ್ಕೆ ಮಂಕಾದ ತಿಂಗಳೇ. ಅಯಸ್ಕಾಂತದ ಪಾಠವನ್ನು ಇಪ್ಪತ್ತಾರು ವರ್ಷ ಕಲಿಸಿದವನು ಅದನ್ನು ಎದೆಯ ಮೇಲಿಟ್ಟುಕೊಂಡು ಉಪಗ್ರಹ ತಿದ್ದಲು ಓಡಾಡಿದ್ದೆ. ಕೊತ್ತಂಬರಿ ತರುವುದನ್ನು ಮರೆತೆ. ಮನೆಯಲ್ಲಿ ಅದರದೇ ದೊಡ್ಡ ಗಲಾಟೆಯಾಯಿತು. ಅವತ್ತು ನನಗೆ ಆ ಗಲಾಟೆಯೇ ಆಸರೆ.

ಮೇಡಂಗೆ ಎಲ್ಲ ಹೇಳಿ, ಆ ಷರಾವನ್ನು ದಯವಿಟ್ಟು ಅಳಿಸಿ ಎಂದು ಕೇಳಿಕೊಂಡೆ. ಅವರು ಹುಡುಕಿ ನೋಡಿ, ಷರಾದಲ್ಲಿ ಬರೆದದ್ದು ನಮ್ಮ ಕಂಪ್ಯೂಟರಿಗೆ ಬರುವುದೇ ಇಲ್ಲ ಸರ್, ಅಂಕಿಗಳಷ್ಟೇ ಬರುತ್ತವೆ, ಅದನ್ನು ಇಲ್ಲಿ ಯಾರೂ ಓದಿಲ್ಲ ಎಂದರು. ನನ್ನ ಸಮಾಧಾನಕ್ಕೆಂದೇ ಹೇಳಿದ್ದು. ಆ ಆಪಾದನೆಯನ್ನು ಗಂಭೀರವಾಗಿ ತೆಗೆದುಕೊಂಡ ಒಬ್ಬನೇ ಮನುಷ್ಯ ಸಾಯಬಣ್ಣ ಕಾಕಾ ಎಂದಾಯಿತು.

ಅವರ ಮನೆಗೆ ಹೋಗಲು ನನಗೆ ಇನ್ನೂ ಹದಿನೈದು ದಿನ ಬೇಕಾದವು. ಆ ಹದಿನೈದು ದಿನದ ನಡುವೆ ಅವರಿಗೆ ಲಕ್ವಾ ಹೊಡೆದಿತ್ತು. ಮಾತು ಹೋಗಿತ್ತು. ಬಾಗಿಲಲ್ಲಿ ಸೊಸೆ ಮಲ್ಲಮ್ಮ, ಬಿ.ಪಿ. ಬಹಳ ದಿನದಿಂದ ಇತ್ತು, ಗುಳಿಗೆ ತಗೊಳ್ಳುತ್ತಿರಲಿಲ್ಲ ಎಂದಳು. ಇದೂ ನನ್ನ ಸಮಾಧಾನಕ್ಕೆ ಹೇಳಿದ್ದೋ ಏನೋ. ಕಾಕಾ ಕೌದಿ ಹೊದ್ದು ಮಂಚದ ಮೇಲಿದ್ದರು. ಕಣ್ಣು ನನ್ನ ಮೇಲೆಯೇ ಇತ್ತು. ನಾನು ಮಂಚದ ಬದಿಗೆ ಕೂತು, ಅವರ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದು, ಫೋನಿನ ಚೀಲದಿಂದ ಹಿಡಿದು ಇಪ್ಪತ್ತೆರಡು ಡಿಗ್ರಿಯವರೆಗೆ ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು ಕಾಕಾ ಎಂದೆ. ಆ ಮಾತು ನನ್ನ ಬಾಯಿಗೆ ಹೊಸದು, ಎರಡು ಸಲ ತಡವರಿಸಿತು.

ಮಲ್ಲಮ್ಮ ನೀರಿನ ತಂಬಿಗೆ ಕೆಳಗಿಟ್ಟು ಹೇಳಿದಳು: "ಮಾವಾರಿಗಿ ಅದು ಗೊತ್ತಿತ್ತರಿ ಸರ. ನೀವು ಬಗ್ಗಿದ್ರ ಮುಳ್ಳು ಹೊಳ್ಳತದ, ಎದ್ದು ನಿಂತ್ರ ಮದಲಿನಂಗ ಆಗತದ ಅಂತ ಮನ್ಯಾಗ ಹೇಳತಿದ್ರು. ಮತ್ತ ಅವರಿಗಿ ಹೇಳಬಾರದೇನ್ರಿ ಅಂದ್ರ, ಓದಿದವರು ಬಗ್ಗಿದ್ರ ಹಂಗ ಆಗತಿರಬೇಕು ಅಂತಿದ್ರು."

ನಾನು ಕಾಕಾರ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಒಂದು ಬೆರಳಾದರೂ ಅಲುಗಲಿ ಎಂದು ಕಾದೆ. ಅಲುಗಲಿಲ್ಲ. ಇದು ಕ್ಷಮಿಸುವ ಕೈಯಲ್ಲ ಎಂದು ತೀರ್ಮಾನಿಸಿ, ಕಣ್ಣು ಒರೆಸಿಕೊಂಡು ಏಳಲು ಹೊರಟೆ.

"ಆ ಕೈಗಿ ಲಕ್ವಾ ಹೊಡದದರಿ ಸರ, ಮುಟ್ಟಿದ್ದೂ ತಿಳ್ಯಾಂಗಿಲ್ಲ" ಎಂದಳು ಮಲ್ಲಮ್ಮ. "ಎಡಕ್ಕ ಬರ್ರಿ. ಆ ಕೈ ಛಲೋ ಅದ."

ನಾನು ಮಂಚವನ್ನು ಸುತ್ತಿ ಎಡಕ್ಕೆ ಹೋದೆ. ಹೊರಗಿದ್ದ ಎಡಗೈಯನ್ನು ಕಾಕಾ ನಿಧಾನವಾಗಿ ಕೌದಿಯೊಳಕ್ಕೆ ಎಳೆದುಕೊಂಡರು.

ಅಂದಿನಿಂದ ಎಂಟು ದಿನಕ್ಕೊಮ್ಮೆ ಹೋಗಿ ಎಡಗಡೆಗೇ ಕೂಡುತ್ತೇನೆ. ಮಲ್ಲಮ್ಮ ಚಹಾ ಕೊಡುತ್ತಾಳೆ. ನಾನು ಊರ ಸುದ್ದಿ ಹೇಳುತ್ತೇನೆ, ಅವರು ಕೇಳಿಸಿಕೊಳ್ಳುತ್ತಾರೆ. ನಾನು ಬಂದ ಸಪ್ಪಳವಾದರೆ ಸಾಕು, ಕೈ ಒಳಗೆ ಹೋಗುತ್ತದೆಯಂತೆ. ಮೊದಲು ಹೋದಾಗ ಚಳಿಗಾಲ, ಚಳಿಯಿರಬೇಕು ಎಂದು ಒಂದು ಕಾರಣವಾದರೂ ಹುಡುಕಿಕೊಂಡಿದ್ದೆ. ಈಗ ನಮ್ಮ ಕಡೆಯ ಬೇಸಿಗೆ. ನೆರಳಲ್ಲಿ ಕೂತರೂ ಅಂಗಿ ಬೆನ್ನಿಗೆ ಅಂಟುತ್ತದೆ. ಇಂಥ ಉರಿಯಲ್ಲಿ ಒಬ್ಬ ಮನುಷ್ಯ ನನ್ನೊಬ್ಬನಿಗೋಸ್ಕರ ಕೌದಿ ಹೊದ್ದು ಬೆವರುತ್ತ ಮಲಗುತ್ತಾನೆಂದರೆ, ಅದು ಎಷ್ಟು ಡಿಗ್ರಿಯ ಸಿಟ್ಟು ಎಂದು ಅಳೆಯಲು ನನಗೆ ಯಾವ ಉಪಕರಣವೂ ಬೇಕಾಗಿಲ್ಲ.