ಡ್ಯುಯಲ್ ಕೋರ್‌ಗೆ ಸಾಲಾವಳಿ ಬರಲಿಲ್ಲ

ಈ ವೃತ್ತಾಂತದಲ್ಲಿ ತಾಂತ್ರಿಕ ದೋಷಗಳೇನಾದರೂ ಕಂಡುಬಂದಲ್ಲಿ ಬಲ್ಲವರು ದಯವಿಟ್ಟು ಮನ್ನಿಸಬೇಕು. ನಾನು ಇತಿಹಾಸದ ಪದವೀಧರ. ನಮ್ಮ ಮನೆತನದ ಮೊದಲ ಪದವೀಧರನೂ ಹೌದು. ಆದಕಾರಣ ಏನೂ ತಿಳಿಯದ ವಿಷಯದಲ್ಲಿಯೂ ತಿಳಿದವನಂತೆ ಇರಬೇಕಾದ ಹೊಣೆ ನನ್ನ ಮೇಲಿತ್ತು.

ಹಗರಿಬೊಮ್ಮನಹಳ್ಳಿಯ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಅದು ನನ್ನದೆಂದು ನಾನು ಹೇಳುತ್ತಿದ್ದೆ. ದುಡಿಸುತ್ತಿದ್ದವಳು ನನ್ನ ಹೆಂಡತಿ ಶೈಲಜಾ. ಗಂಡು ಹೆಣ್ಣಿನ ಜನ್ಮವಿವರ ತುಂಬಿ, ಸಾಲಾವಳಿ ಬರುತ್ತದೆಯೇ, ಅಂದರೆ ಎರಡು ಜಾತಕಗಳು ಕೂಡುತ್ತವೆಯೇ ಎಂದು ನೋಡಿ ಅಚ್ಚು ಹಾಕಿ ಕೊಡುವುದು ಅವಳ ಕಸುಬು. ನಾನು ಪಾಠ ಹೇಳುವ ಖಾಸಗಿ ಶಾಲೆಯ ಸಂಬಳ ಬಂದ ತಿಂಗಳು ಅದು ಉಪಕಸುಬು. ಬಾರದ ತಿಂಗಳು ಅದೇ ಸಂಸಾರ.

ಯಂತ್ರಕ್ಕೆ ಮಾತ್ರ ವಯಸ್ಸಾಗಿತ್ತು. ಒಂದು ಕುಂಡಲಿ ಮೂಡುವಷ್ಟರಲ್ಲಿ ಬೀಗರು ಚಹಾ ಕುಡಿದು, ಮತ್ತೊಮ್ಮೆ ಕುಡಿದು, ವರದಕ್ಷಿಣೆಯ ಜಗಳವನ್ನೂ ಅಲ್ಲಿಯೇ ಮುಗಿಸುತ್ತಿದ್ದರು. ಅಷ್ಟರಲ್ಲಿ ಪತ್ರಿಕೆಯೊಂದರಲ್ಲಿ ಡ್ಯುಯಲ್ ಕೋರ್ ಪ್ರೊಸೆಸರ್ ಎಂಬ ಎರಡು ಮಿದುಳಿನ ಬಿಲ್ಲೆಯ ಮಹಿಮೆಯನ್ನು ಓದಿದೆ. ಊಟದ ಹೊತ್ತಿನಲ್ಲಿ ಘೋಷಿಸಿದೆ: "ನಮ್ಮ ಕಂಪ್ಯೂಟರಿಗೆ ಡ್ಯುಯಲ್ ಕೋರ್ ಹಾಕಲಿದ್ದೇನೆ. ಎರಡು ಕೋರ್!"

ಜೀವಮಾನವಿಡೀ ಕಂಡವರ ಹೊಲವನ್ನು ಕೋರಿಗೆ ಮಾಡಿ, ಬೆಳೆಯಲ್ಲಿ ಅರ್ಧ ಅಳೆದುಕೊಟ್ಟವರು ನಮ್ಮಪ್ಪ. ತುತ್ತು ಅಲ್ಲಿಯೇ ನಿಂತಿತು.

"ಎರಡು ಕೋರಾ? ಒಂದ ಹೊಲಾನ ಇಬ್ರಿಗೆ ಕೋರಿಗೆ ಕೊಡ್ತಾರೇನಲೇ? ಅರ್ಧ ಅವ ಒಯ್ತಾನ, ಅರ್ಧ ಇವ ಒಯ್ತಾನ. ನಿನಗ ಹೊಟ್ಟು ಉಳಿತೈತಿ."

"ಅಪ್ಪ, ಇದು ಇಂಗ್ಲಿಷಿನ ಕೋರ್."

"ಇಂಗ್ಲಿಷಿನ್ಯಾರು ಬಾಳ ಬಿಟ್ಟು ಹೋಗ್ಯಾರ ನಮಗ!"

ಇತಿಹಾಸದ ಪದವೀಧರನಾದ ನಾನು ಸಾರಿನ ಪಾತ್ರೆಗೆ ಕೈ ಚಾಚಿದೆ.

ಶೈಲಜಾಳ ಆತಂಕ ಬೇರೆ. "ರೀ, ಸೋಮವಾರ ಹಡಗಲಿಯಿಂದ ಮಲ್ಲಿಗಿ ವ್ಯಾಪಾರದ ಕೊಟ್ರಪ್ಪನೋರು ಮಗಳ ಸಾಲಾವಳಿಗೆ ಬರ್ತಾರ. ಅವರ ಕೆಲಸ ಚಂದ ಆದ್ರ ಅರ್ಧ ಹಡಗಲಿ ನಮ್ಮನಿಗೆ ಬರ್ತೈತಿ. ಕೆಟ್ಟರ ಒಬ್ರೂ ಬರಂಗಿಲ್ಲ. ಅಲ್ಲೀತನಕ ಅದನ್ನ ಮುಟ್ಟಬ್ಯಾಡ್ರಿ."

"ಒಂದನ್ನು ತೆಗೆಯುವುದು, ಇನ್ನೊಂದನ್ನು ಇಡುವುದು. ಬಲ್ಬು ಬದಲಾಯಿಸಿದಂತೆ!"

"ಹೋದ ವರ್ಷ ಬಲ್ಬು ಬದಲಾಯಿಸಿದ್ರಿ. ಓಣಿಗೆಲ್ಲ ಕರೆಂಟ್ ಹೋಗಿತ್ತು."

ಶನಿವಾರ ಶಾಲೆ ಮುಗಿದೊಡನೆ ಹೊಸಪೇಟೆಯ ಬಸ್ಸು ಹತ್ತಿದೆ. ಅಲ್ಲಿಯ ಕಂಪ್ಯೂಟರ್ ಅಂಗಡಿಯಲ್ಲಿ ವಿಪರೀತ ಗಿರಾಕಿ. ಅಂಗಡಿಯವರು ಅವಸರದಲ್ಲಿ ಕೇಳಿದರು: "ನಿಮ್ದು ಬೋರ್ಡ್ ಯಾವ್ದ್ರಿ ಸಾರ್?"

ನಾನು ವಿನಯದಿಂದ ಉತ್ತರಿಸಿದೆ: "ರಾಜ್ಯ ಪಠ್ಯಕ್ರಮ."

ಅವರು ನನ್ನನ್ನು ಒಮ್ಮೆ ನೋಡಿದರು. ಗದ್ದಲದಲ್ಲಿ ಏನು ಕೇಳಿಸಿತೋ, ಪ್ರೊಸೆಸರ್ ಕಟ್ಟಿಕೊಟ್ಟುಬಿಟ್ಟರು.

ಅದೇ ಸಂಜೆ, ಕುಟುಂಬದ ಸಮಕ್ಷಮದಲ್ಲಿ, ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿದೆ. ಹಳೆಯ ಪ್ರೊಸೆಸರ್ ಜಪ್ಪಯ್ಯ ಎಂದರೂ ಬರಲಿಲ್ಲ. ಹಲ್ಲು ಕಚ್ಚಿ ಎಳೆದೆ. ಬಂತು! ಅದರ ಅಡಿಯಲ್ಲಿದ್ದ ಕೂದಲಿನಂಥ ಕಾಲುಗಳ ಪೈಕಿ ಒಂದಷ್ಟು ಹಿಂದೆಯೇ ಉಳಿದವು. ಚಿಂತೆಯಿಲ್ಲ, ಹೊಸದಿದೆಯಲ್ಲ ಎಂದು ಅದನ್ನು ಬಿಚ್ಚಿ ಅಂಗಾತ ಮಾಡಿದೆ.

ಕಾಲೇ ಇಲ್ಲ! ಬರೀ ಹೊಂಬಣ್ಣದ ಚುಕ್ಕಿಗಳು!

ಭಾನುವಾರ ಬೆಳಿಗ್ಗೆ ಅದೇ ಅಂಗಡಿಯ ಮುಂದೆ ನಿಂತು ಗ್ರಾಹಕರ ಹಕ್ಕುಗಳ ಕುರಿತು ಉಪನ್ಯಾಸ ನೀಡಿದೆ. "ಎಲ್ಲ ಕಾಲುಗಳೂ ಉದುರಿಹೋದ ಮಾಲನ್ನು ಪದವೀಧರನೊಬ್ಬನಿಗೆ ಮಾರಿದ್ದೀರಿ!" ಜನ ಸೇರಿದರು. ಅಂಗಡಿಯವರು ಪೂರ್ತಿ ಕೇಳಿಸಿಕೊಂಡು ಹೇಳಿದರು: "ಸಾರ್, ಇದಕ್ಕ ಹುಟ್ಟಾ ಕಾಲಿಲ್ರಿ. ಇದರ ಕಾಲು, ಇದನ್ನ ಕೂಡಿಸೋ ಮದರ್‌ಬೋರ್ಡಿನ್ಯಾಗ ಇರ್ತಾವ. ನಿಮ್ಮ ಹಳೇ ಬೋರ್ಡಿಗೆ ಇದು ಕೂಡಂಗಿಲ್ರಿ."

ಸೇರಿದ್ದ ಜನ ಸದ್ದಿಲ್ಲದೆ ಕರಗಿದರು. ನಾನು ಸದ್ದಿಲ್ಲದೆ ಮದರ್‌ಬೋರ್ಡ್ ಕೊಂಡೆ.

ಮನೆಗೆ ಬಂದು ನೋಡಿದರೆ ಹಳೆಯ ರ‍್ಯಾಮ್‌ನ ಕಚ್ಚು ಒಂದು ಕಡೆ, ಹೊಸ ಬೋರ್ಡಿನ ಗೂಟ ಇನ್ನೊಂದು ಕಡೆ. ವಿದ್ಯುತ್ ಕೊಡುವ ಡಬ್ಬಿಯ ವೈರಿಗೂ ಬೋರ್ಡಿನ ಬಾಯಿಗೂ ಅಳತೆಯೇ ಬೇರೆ. ಇಡೀ ಪೆಟ್ಟಿಗೆಯನ್ನು ದುಪ್ಪಟಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಮತ್ತೆ ಹೊಸಪೇಟೆಗೆ ಹೋದೆ. ಅಂಗಡಿಯವರೇ ರ‍್ಯಾಮ್, ಡಬ್ಬಿ ಎಲ್ಲ ಹೊಸದು ಹಾಕಿ ಜೋಡಿಸಿಕೊಟ್ಟರು. ಹಳೆಯ ಹಾರ್ಡ್ ಡಿಸ್ಕ್ ಒಂದು ಮಾತ್ರ ಮರ್ಯಾದೆಯಿಂದ ಕೂಡಿಕೊಂಡಿತು.

ಶೈಲಜಾ ಪೆಟ್ಟಿಗೆಯೊಳಗೆ ಇಣುಕಿ ನೋಡಿದಳು. "ಸೊಸಿ ಒಬ್ಬಾಕಿನ್ನ ತರ್ತೀನಂತ ಹೋಗಿ ಇಡೀ ತವರುಮನಿ ಕರ್ಕೊಂಡು ಬಂದೀರಲ್ರಿ!"

ಆದರೂ ಸೋಮವಾರ ಬೆಳಿಗ್ಗೆ ಯಂತ್ರ ಮಿಂಚಿನಂತೆ ಎದ್ದಿತು. ನಾನು ಮೀಸೆ ತಿರುವಿದೆ. ಕೊಟ್ರಪ್ಪನವರು ಎರಡು ಜಾತಕ ಹಿಡಿದು ಬಂದು ಕುಳಿತರು. ಶೈಲಜಾ ಜಾತಕದ ತಂತ್ರಾಂಶ ತೆರೆದಳು. ಪರದೆಯ ಮೇಲೆ ಒಂದೇ ಸಾಲು: ಕೀಲಿ ಸಿಗುತ್ತಿಲ್ಲ.

ಯಾರೂ ನಕಲು ಮಾಡಬಾರದೆಂದು ಆ ತಂತ್ರಾಂಶದೊಡನೆ ಹೆಬ್ಬೆರಳು ಗಾತ್ರದ ಕೀಲಿಯೊಂದನ್ನು ಕೊಟ್ಟಿದ್ದರು. ಅದನ್ನು ಹಳೆಯ ಕಾಲದ ಪ್ರಿಂಟರಿನ ಅಗಲ ಕಿಂಡಿಗೆ ಸಿಕ್ಕಿಸಬೇಕು. ಹೊಸ ಬೋರ್ಡಿಗೆ ಆ ಕಿಂಡಿಯೇ ಇರಲಿಲ್ಲ! ಕೀಲಿ ಹಿಡಿದು ಕಂಪ್ಯೂಟರಿನ ಸುತ್ತ ಪ್ರದಕ್ಷಿಣೆ ಹಾಕಿದೆ. ಹಳೆಯದನ್ನೇ ಮರಳಿ ಕೂಡಿಸೋಣವೆಂದರೆ ಅದರ ಕಾಲು ಮುರಿದವನು ನಾನೇ.

"ಏನಾತ್ರಿ ಮಾಸ್ತರ್ರ?" ಎಂದರು ಕೊಟ್ರಪ್ಪ.

"ತಾಂತ್ರಿಕ ಹೊಂದಾಣಿಕೆಯ ಅಭಾವ."

"ಅಂದ್ರ?"

ಶೈಲಜಾಳ ಕಣ್ಣು ತುಂಬಿತ್ತು. ಧ್ವನಿ ಮಾತ್ರ ಗಟ್ಟಿಯಿತ್ತು. "ಇವರು ತಂದ ಸಾಮಾನಿಗೆ ಸಾಲಾವಳಿ ಬರ್ಲಿಲ್ರಿ, ಅಣ್ಣಾರ."

ಕೊಟ್ರಪ್ಪನವರು ಹೊಟ್ಟೆ ಹಿಡಿದು ನಕ್ಕರು. "ಎರಡು ತಗಡಿಗೆ ಸಾಲಾವಳಿ ನೋಡ್ಲಾರ್ದ ತಂದೋರು ನನ್ನ ಮಗಳದ್ದು ನೋಡ್ತೀರೇನು? ಹುಡುಗ, ಹುಡುಗಿ ಒಪ್ಯಾರ. ಅಷ್ಟ ಸಾಕು ಬಿಡ್ರಿ! ತಂಗೆಮ್ಮಾ, ಈ ಹೊಸಾದು ಲಗ್ನಪತ್ರಿಕಿ ಮಾಡ್ತೈತೇನು?"

"ಮಾಡ್ತೈತ್ರಿ," ಎಂದಳು ಶೈಲಜಾ. ಅದಕ್ಕೂ ಮುನ್ನ ಅವಳು ಒಂದನ್ನೂ ಮಾಡಿರಲಿಲ್ಲ. ಅಂದೇ ಕುಳಿತು ಅಂಚಿಗೆ ಮಲ್ಲಿಗೆಯ ಬಳ್ಳಿ ಹಬ್ಬಿಸಿದ ಪತ್ರಿಕೆ ಮಾಡಿಕೊಟ್ಟಳು. ಡ್ಯುಯಲ್ ಕೋರ್ ಒಮ್ಮೆಯೂ ಏದುಸಿರು ಬಿಡಲಿಲ್ಲ.

ಪರಿಣಾಮವನ್ನು ನೇರವಾಗಿ ಹೇಳುತ್ತೇನೆ. ನಮ್ಮ ಮನೆಯಲ್ಲಿ ಜಾತಕದ ಕಸುಬು ಅಂದಿಗೆ ನಿಂತಿತು. ಶೈಲಜಾ ಬಸ್ ನಿಲ್ದಾಣದ ಬಳಿ ಮಳಿಗೆ ಹಿಡಿದು ಲಗ್ನಪತ್ರಿಕೆ ಮಾಡುತ್ತಾಳೆ. ಹಡಗಲಿಯ ಗಿರಾಕಿಗಳೂ ಬರುತ್ತಾರೆ. ನನ್ನ ಸಂಬಳ ಬಂದರೂ ಬಾರದಿದ್ದರೂ ಒಲೆ ಉರಿಯುತ್ತದೆ. ಶಾಲೆ ಬಿಟ್ಟ ಮೇಲೆ ನಾನೂ ಅಲ್ಲಿಗೆ ಹೋಗಿ ಕಾಗದ ಕತ್ತರಿಸುತ್ತೇನೆ.

ಅವಳು ಪೆನ್ಸಿಲಿನಿಂದ ಗೆರೆ ಎಳೆದುಕೊಟ್ಟಲ್ಲಿ ಮಾತ್ರ!