ಪಿಕಪ್ಪಿನ ಹೊಟ್ಟೆಗೆ ಮದ್ದು

ನಮ್ಮ ಭಾವನವರು ಆಯುಷ್ಯದ ಅರ್ಧವನ್ನು ಅಂಗಾತ ಮಲಗಿಯೇ ಕಳೆದಿದ್ದಾರೆ! ಸೋಮಾರಿ ಎಂದುಕೊಳ್ಳಬೇಡಿ. ಅವರು ಮಲಗುವುದು ಹಾಸಿಗೆಯ ಮೇಲಲ್ಲ, ಹಳೆಯ ಪಿಕಪ್ಪಿನ ಅಡಿಯಲ್ಲಿ. ಮೇಗುಂದದ ಹತ್ತಿರದ ಅವರ ಮನೆಗೆ ಹೋದರೆ ನಿಮ್ಮನ್ನು ಮೊದಲು ಬರಮಾಡಿಕೊಳ್ಳುವುದು ಅವರ ಎರಡು ಪಾದಗಳು. "ಯಾರದು?" ಎಂದು ಪಾದಗಳ ಕಡೆಯಿಂದಲೇ ಪ್ರಶ್ನೆ ಬರುತ್ತದೆ. ಹೆಸರು ಹೇಳಿದರೆ "ಬಂದದ್ದು ಒಳ್ಳೇದಾತು ಮಾರಾಯ, ಆ ತಂತಿ ಬ್ರಶ್ ಇತ್ಲಾಗಿ ಕೊಡು" ಎನ್ನುತ್ತಾರೆ. ಎಷ್ಟೋ ಸಲ ನಾನು ಮುಖ ನೋಡದೆ, ಪಾದದ ಜೊತೆ ಮಾತಾಡಿ ಎದ್ದು ಬಂದಿದ್ದೇನೆ.

ಕೊಪ್ಪದಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ತುಕ್ಕು ನನಗೆ ಅನ್ನ ಕೊಡುವ ದೇವರು. ಆದರೆ ಈ ಒಂದು ಗಾಡಿಯ ತುಕ್ಕು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆಂದರೆ ಅದೇ ಗಾಡಿಯಲ್ಲಿ ವಾರಕ್ಕೆ ಮೂರು ದಿನ ನನ್ನ ಅಕ್ಕ ಕೊಪ್ಪಕ್ಕೆ ಬರಬೇಕು. ಮೂರು ವರ್ಷದಿಂದ ಅವಳ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಒಂದು ದಿನ ಗಾಡಿ ದಾರಿಯಲ್ಲಿ ಕುಸಿದು ಕೂತರೆ ಅವಳ ಗತಿ? ಒಂದು ಒಳ್ಳೆಯ ಕಾರು ತೆಗೆದುಕೊಳ್ಳಿ ಎಂದು ನಾನು ನೂರು ಸಲ ಹೇಳಿದ್ದೇನೆ. "ಈ ಗಾಡಿಗೆ ಎಂತ ಆಗಿದೆ?" ಎಂದು ಅವರು ಕೇಳುತ್ತಾರೆ. ಎಂತ ಆಗಿಲ್ಲ ಎಂದು ಕೇಳಬೇಕಿತ್ತು!

ಈ ಗಾಡಿ ಮನೆಗೆ ಬಂದ ಕಥೆಯನ್ನೇ ಕೇಳಿ. ನರಸಿಂಹರಾಜಪುರದ ದಲಾಲಿಯೊಬ್ಬ "ಒಂದೇ ಕೈಯಲ್ಲಿ ಓಡಿದ ಗಾಡಿ ಸ್ವಾಮಿ" ಎಂದನಂತೆ. ಆ ಕೈ ಯಾವುದು ಎಂದು ಭಾವ ಕೇಳಲಿಲ್ಲ. ಪೇಂಟು ಹೊಸದು, ಹಾರ್ನ್ ಜೋರು, ಇನ್ನೇನು ಬೇಕು? ಮರುವಾರ ಶೃಂಗೇರಿಯ ನೆಂಟರ ಮನೆಯ ಉಪನಯನಕ್ಕೆ ಅದರಲ್ಲೇ ಹೋದರು. ಊಟ ಮುಗಿಸಿ ಹೊರಗೆ ಬಂದರೆ ಗಾಡಿಯ ಅಡಿಯಲ್ಲಿ ಏಳು ಬೆಕ್ಕುಗಳು ಸಾಲಾಗಿ ಕೂತು ಚಾಸಿ ನೆಕ್ಕುತ್ತಿವೆ! ಮನೆಯ ಯಜಮಾನರು ಮೂಗು ಮುಚ್ಚಿಕೊಂಡು, "ಎಂತ ತಂದಿದ್ರಿ ಇದ್ರಲ್ಲಿ?" ಎಂದರು. ಗಾಡಿ ಹುಟ್ಟಿದಂದಿನಿಂದ ಘಟ್ಟದ ಕೆಳಗಿಂದ ಮೀನು ಹೊತ್ತಿತ್ತು. ಐಸು ಕರಗಿದ ಉಪ್ಪು ನೀರು ವರ್ಷಗಟ್ಟಲೆ ಸೋರಿ ಸೋರಿ ಅಡಿಭಾಗವನ್ನೆಲ್ಲ ಹಪ್ಪಳ ಮಾಡಿಟ್ಟಿತ್ತು. ಬೇರೆಯವರಾಗಿದ್ದರೆ ದಲಾಲಿಯ ಕೊರಳಪಟ್ಟಿ ಹಿಡಿಯುತ್ತಿದ್ದರು. ಭಾವ ಬಗ್ಗಿ ಅಡಿಗೆ ನೋಡಿ, "ಪಾಪ, ಬಹಳ ಸವೆದಿದೆ" ಎಂದರು. ಅಂದು ಮಲಗಿದವರು ಇಂದಿಗೂ ಎದ್ದಿಲ್ಲ.

ಆಮೇಲೆ ಮದ್ದು ಶುರುವಾಯಿತು. ಮೊದಲ ಮದ್ದು ಸುಟ್ಟ ಆಯಿಲ್. ಗ್ಯಾರೇಜಿನವರು ಚೆಲ್ಲುವ ಕಪ್ಪು ಎಣ್ಣೆಯನ್ನು ಬೇಡಿ ತಂದು, ಮಳೆಗೆ ಮೊದಲು ಗಾಡಿಯ ಅಡಿಗೆಲ್ಲ ಬಳಿದರು. ಇದನ್ನು ನಮ್ಮ ಕಡೆ ಎಲ್ಲರೂ ಮಾಡುತ್ತಾರೆ, ತಪ್ಪಿಲ್ಲ. ಆದರೆ ಭಾವ ಅಷ್ಟಕ್ಕೆ ನಿಲ್ಲುವವರೇ? ಎಣ್ಣೆಯ ಮೇಲೆ ಕೆಂಪು ಧೂಳು ಕೂತರೆ ಗಟ್ಟಿ ಪದರ ಆಗುತ್ತದೆಂದು ಮಣ್ಣು ರಸ್ತೆ ಹುಡುಕಿಕೊಂಡು ಗಾಡಿ ಓಡಿಸಿದರು. ಪಕ್ಕದಲ್ಲಿ ಅಕ್ಕ, ಕೆಮ್ಮುತ್ತಾ. ನಾನು ಬೈದದ್ದಕ್ಕೆ, "ಅವಳೇ ಬರ್ತೇನೆ ಅಂದ್ಲು ಮಾರಾಯ" ಎಂದರು. ಅಕ್ಕನೂ ತಲೆ ಆಡಿಸಿದಳು. ಇಬ್ಬರಿಗೂ ಹೇಳುವವರು ಯಾರು?

ಎರಡನೆಯ ಮದ್ದನ್ನು ಮಾತ್ರ ಜಗತ್ತಿನಲ್ಲಿ ಇನ್ಯಾರೂ ಮಾಡಿರಲಾರರು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಎಂಬ ತಾಮ್ರದ ಉಪ್ಪಿಗೆ ಸುಣ್ಣ ಕಲಸಿ ಔಷಧಿ ಹೊಡೆಯುವುದು ನಿಮಗೆ ಗೊತ್ತು. ಸುಣ್ಣ ಸಾಕಾಗಿದೆಯೋ ಇಲ್ಲವೋ ಎಂದು ನೋಡಲು ಅದರಲ್ಲಿ ಕತ್ತಿ ಅದ್ದುತ್ತಾರೆ. ಕತ್ತಿ ಕೆಂಪಾದರೆ ತಾಮ್ರ ಕೂತಿದೆ, ಇನ್ನೂ ಸುಣ್ಣ ಬೇಕು ಎಂದು ಅರ್ಥ. ಆ ವರ್ಷ ಭಾವ ಅದ್ದಿದ ಕತ್ತಿ ಕೆಂಪಾಯಿತು. ಬೇರೆ ಯಾರಾಗಿದ್ದರೂ ಸುಣ್ಣ ಸುರಿಯುತ್ತಿದ್ದರು. ಭಾವ ಕತ್ತಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಸಂಜೆ ನನಗೆ ಫೋನು.

"ತಾಮ್ರಕ್ಕೆ ತುಕ್ಕು ಹಿಡೀತದಾ?"

"ಇಲ್ಲ. ಯಾಕೆ ಭಾವ?"

"ಎಂತ ಇಲ್ಲ, ಇಡು."

ನನಗೆ ಆಗಲೇ ಅನುಮಾನ ಬರಬೇಕಿತ್ತು. ಮರುದಿನ ಅವರು ಸುಣ್ಣವೇ ಹಾಕದ ಮೈಲುತುತ್ತದ ನೀರನ್ನು ಔಷಧಿ ಪಂಪಿನಲ್ಲಿ ತುಂಬಿ, ಗಾಡಿಯ ಹೊಟ್ಟೆಗೆಲ್ಲ ಹೊಡೆದಿದ್ದರು. "ಬಿಟ್ಟಿ ತಾಮ್ರದ ಕವಚ!" ಎಂದು ಊರನ್ನೆಲ್ಲ ಕರೆದು ತೋರಿಸಿದರು. ಕಬ್ಬಿಣವನ್ನು ತಿಂದೇ ಆ ತಾಮ್ರ ಕೂರುವುದು ಎಂದು ನಾನು ಬಾಯಿ ಬಡಿದುಕೊಂಡೆ. ಮಳೆಗಾಲ ಮುಗಿಯುವುದರೊಳಗೆ ಹಿಂದಿನ ಬಂಪರ್ ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರೇ ಕಳಚಿ ಬಿತ್ತು. ಭಾವ ಇಳಿದು ಅದನ್ನು ಎತ್ತಿ ಗಾಡಿಗೆ ಹಾಕಿಕೊಂಡರು. ನೋಡಿದವರೆಲ್ಲ ನಕ್ಕರು. ನೀವೂ ನಗಿ. ನನಗೆ ಮಾತ್ರ ನಗು ಬರಲಿಲ್ಲ, ಒಳಗೆ ಕೂತವಳು ನನ್ನ ಅಕ್ಕ.

ಇನ್ನು ಅವರ ಸುತ್ತಿಗೆ. ಅಂಗೈಯಗಲದ ಸುತ್ತಿಗೆಯೊಂದು ಸದಾ ಜೇಬಿನಲ್ಲಿರುತ್ತದೆ. ಗಾಡಿಯ ಅಡಿಗೆ ಟಕ್ ಟಕ್ ಎಂದು ಬಡಿದು ಕಿವಿಗೊಟ್ಟು, ಯಾವ ಜಾಗ ಗಟ್ಟಿ, ಯಾವ ಜಾಗ ಟೊಳ್ಳು ಎಂದು ಹೇಳುತ್ತಾರೆ. ಚಟ ಬಲಿತ ಮೇಲೆ ಸ್ವಂತ ಗಾಡಿ, ಪರರ ಗಾಡಿ ಎಂಬ ಭೇದ ಉಳಿಯಲಿಲ್ಲ. ಒಮ್ಮೆ ಅಕ್ಕನಿಗೆ ಊಟ ಕೊಡಲೆಂದು ಆಸ್ಪತ್ರೆಗೆ ಹೋದೆ. ಒಳಗೆ ಅವಳು ಕೈಗೆ ನಳಿಗೆ ಚುಚ್ಚಿಸಿಕೊಂಡು ಒಬ್ಬಳೇ ಮಲಗಿದ್ದಾಳೆ. ಭಾವ ಎಲ್ಲಿ ಎಂದು ಹೊರಗೆ ಬಂದರೆ ಆಂಬುಲೆನ್ಸಿನ ಅಡಿಯಿಂದ ಆ ಎರಡು ಪಾದಗಳು! ಡ್ರೈವರ್ ಗಾಬರಿಯಲ್ಲಿ ನಿಂತಿದ್ದಾನೆ. ಭಾವ ಹೊರಗೆ ಬಂದು, ಕೈ ಒರೆಸಿಕೊಂಡು, ತಗ್ಗಿದ ದನಿಯಲ್ಲಿ, "ಹಿಂದ್ಗಡೆ ಪೂರ್ತಿ ಹೋಗಿದೆ. ಮನೆಯವರಿಗೆ ತಿಳಿಸಿಬಿಡಿ" ಎಂದರು.

ಅಂದು ನಾನು ಸುಮ್ಮನಿರಲಿಲ್ಲ. ಹೆಂಡತಿಯ ಪಕ್ಕ ನಾಲ್ಕು ಗಂಟೆ ಕೂರಲಾಗದೆ ಕಂಡವರ ಗಾಡಿ ಬಡಿಯುತ್ತೀರಲ್ಲ, ನಿಮಗೆ ಮನುಷ್ಯರಿಗಿಂತ ಕಬ್ಬಿಣವೇ ಹೆಚ್ಚಾಯಿತೇ ಎಂದು ಎಲ್ಲರ ಎದುರೇ ಕೇಳಿಬಿಟ್ಟೆ. ಅವರು ಸುತ್ತಿಗೆಯನ್ನು ಜೇಬಿಗೆ ಹಾಕಿಕೊಂಡು, "ಸೂಜಿ ಚುಚ್ಚುವಾಗ ನಿನ್ನ ಅಕ್ಕನೇ ನಂಗೆ ಹೊರಗೆ ಹೋಗಿ ಅಂತಾಳೆ" ಎಂದರು. ನೆವ ಹೇಳುವುದಕ್ಕೂ ಮಿತಿ ಬೇಡವೇ ಎನಿಸಿತು ನನಗೆ.

ಈ ಸಲ ಮೇ ತಿಂಗಳಲ್ಲೇ ಮಳೆ ಹಿಡಿಯಿತು. ಇನ್ನು ಸಾಕು ಎಂದು ತೀರ್ಮಾನಿಸಿಕೊಂಡು ಒಂದು ಭಾನುವಾರ ನನ್ನ ಕಾರು ತೆಗೆದುಕೊಂಡು ಮೇಗುಂದಕ್ಕೆ ಹೋದೆ. ಅಕ್ಕ ಇನ್ನು ಕೊಪ್ಪದಲ್ಲಿ ನಮ್ಮ ಮನೆಯಲ್ಲೇ ಇರಲಿ, ಆಸ್ಪತ್ರೆ ನನ್ನ ಅಂಗಡಿಯಿಂದ ಐದು ನಿಮಿಷ ಎಂದೆ. ಅಕ್ಕ ಮಾತ್ರ, "ಅವ್ರಿಗೆ ಗಂಜಿ ಬೇಯ್ಸೂಕೂ ಬರೂದಿಲ್ಲ ತಮ್ಮ" ಎಂದು ಗೋಡೆ ನೋಡಿದಳು. ಸರಿ, ಅವರಿಗೇ ಹೇಳುತ್ತೇನೆಂದು ಗಾಡಿ ನಿಲ್ಲಿಸುವ ಕೊಟ್ಟಿಗೆಗೆ ನಡೆದೆ. ಪಾದಗಳು ಇದ್ದವು.

"ಭಾವ, ಅಕ್ಕನ್ನ ಕರ್ಕೊಂಡು ಹೋಗ್ತೇನೆ. ಇನ್ನು ಈ ಗುಜರಿಯಲ್ಲಿ ಅವಳು ಕೂರೂದಿಲ್ಲ."

ಅಡಿಯಿಂದ ಟಕ್ ಟಕ್. ಸಿಟ್ಟು ನೆತ್ತಿಗೇರಿತು. ಮುಖ ನೋಡಿಯೇ ಬೈಯಬೇಕೆಂದು ನಾನೂ ಅಂಗಿ ಮಣ್ಣಾದರೆ ಆಗಲಿ ಎಂದು ಗಾಡಿಯ ಅಡಿಗೆ ನುಸುಳಿದೆ. ಇಷ್ಟು ವರ್ಷದಲ್ಲಿ ಅದೇ ಮೊದಲ ಸಲ.

ಎಡಬದಿ, ಅಕ್ಕ ಕೂರುವ ಸೀಟಿನ ಕೆಳಗೆ, ಹೊಸ ತಗಡು. ಒಂದಲ್ಲ, ಎರಡು ಪದರ. ಬೆಸುಗೆಯನ್ನು ಉಜ್ಜಿ ಉಜ್ಜಿ ನುಣುಪು ಮಾಡಿ, ಮೇಲೆ ತುಕ್ಕು ತಡೆಯುವ ರೆಡ್ ಆಕ್ಸೈಡ್, ಅದರ ಮೇಲೆ ಕಪ್ಪು ಬಣ್ಣ. ನನ್ನ ಅಂಗಡಿಗೆ ಬಂದ ಹೊಸ ಸರಕೂ ಅಷ್ಟು ಚೆನ್ನಾಗಿರುವುದಿಲ್ಲ. ಬಲಬದಿಗೆ ತಿರುಗಿದೆ. ಡ್ರೈವರ್ ಕಾಲಿಡುವಲ್ಲಿ ತಗಡೇ ಇರಲಿಲ್ಲ. ಒಂದು ಹರಕು ಗೋಣಿಚೀಲ, ಅದರ ತೂತಿನಾಚೆ ಬ್ರೇಕು, ಅದರಾಚೆ ಸ್ಟೇರಿಂಗು.

"ಭಾವ, ನಿಮ್ಮ ಬದಿ ಇದೆಂತದು?"

"ತಗಡು ಹಾಕಿ ಬಣ್ಣ ಒಣಗೂಕೆ ನಾಕು ದಿನ ಬೇಕು. ನಂಗೆ ಸಿಗೂದು ಶನಿವಾರ, ಆದಿತ್ಯವಾರ ಮಾತ್ರ. ಅವಳ ಬದಿ ಸ್ವಲ್ಪ ಸ್ವಲ್ಪವೇ ಮಾಡಿ ಮುಗ್ಸೂದ್ರೊಳಗೆ ಪ್ರತಿ ವರ್ಷ ಮಳೆ ಬಂದ್ಬಿಡ್ತದೆ." ಆಮೇಲೆ ದನಿ ತಗ್ಗಿಸಿ, "ಅವ್ಳಿಗೆ ಹೇಳ್ಬೇಡ ಮಾರಾಯ. ಗೊತ್ತಾದ್ರೆ ಗಾಡಿ ಹತ್ತೂದಿಲ್ಲ" ಎಂದರು.

ಆಸ್ಪತ್ರೆ ನನ್ನ ಅಂಗಡಿಯಿಂದ ಐದು ನಿಮಿಷ. ಮೂರು ವರ್ಷದಲ್ಲಿ ಒಂದೇ ಒಂದು ದಿನವೂ ನಾನು ಅವಳನ್ನು ಕರೆದುಕೊಂಡು ಹೋಗಿರಲಿಲ್ಲ. ಬೈಯುವುದು ಮಾತ್ರ ಒಂದು ವಾರವೂ ತಪ್ಪಿರಲಿಲ್ಲ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

"ಈ ವಾರ ಮೂರು ದಿನವೂ ನಾನೇ ಬಂದು ಕರ್ಕೊಂಡು ಹೋಗ್ತೇನೆ," ಎಂದೆ. "ನೀವು ನಿಮ್ಮ ಬದಿ ಮಾಡಿ."

ಸುತ್ತಿಗೆ ನಿಂತಿತು. ಆಮೇಲೆ, ಮೇಲಿನ ತಗಡನ್ನೇ ನೋಡುತ್ತಾ, ನಿಧಾನವಾಗಿ ಹೇಳಿದರು:

"ಕಾರಲ್ಲಿ ಅವ್ಳಿಗೆ ವಾಂತಿ ಬರ್ತದೆ. ಮುಂದೆ ಕೂರ್ಸು, ಹೋಗುವಾಗ ಗಾಜು ಇಳ್ಸಿರು. ಬರುವಾಗ ಚಳಿ ಆಗ್ತದೆ, ಗಾಜು ಏರ್ಸು. ಸೂಜಿ ಚುಚ್ಚುವಾಗ ನಿಂಗೂ ಹೊರಗೆ ಹೋಗು ಅಂತಾಳೆ. ನೀನು ಹೋಗ್ಬೇಡ."