ಕಾಗೆ ಮಾಡಿದ ಇಂಟರ್‌ವ್ಯೂ

ಕಳಲೆಯ ಚೆಲುವರಾಜುವಿನ ತಾಪತ್ರಯಕ್ಕೆಲ್ಲ ಮೂಲ ಒಂದೇ: ಯಾರು ಏನು ಕೇಳಿದರೂ ‘ಆಗಲ್ಲ’ ಅನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಹೀಗೆ ಎರಡು ಸಲ ಬರೀ ಕಮಿಷನ್ನಿನ ಕೆಲಸಕ್ಕೆ ತಲೆಯಾಡಿಸಿ, ಮಾರದೆ ಉಳಿದ ನೀರಿನ ಫಿಲ್ಟರುಗಳನ್ನೂ ಸೊಳ್ಳೆ ಬ್ಯಾಟುಗಳನ್ನೂ ಮಂಚದ ಕೆಳಗೆ ತುಂಬಿಟ್ಟಿದ್ದ. ಈ ಸಲ ಹೆಂಡತಿ ದಿವ್ಯ ಬಾಗಿಲಿಗೇ ಅಡ್ಡ ನಿಂತಳು.

“ಸಂಬಳ ಗೊತ್ತು ಮಾಡ್ಕಂಡು ಬನ್ನಿ. ಇನ್ನೊಂದ್ಸಲ ಬರೀ ಕಮಿಷನ್ನು ಅಂತ ಬಂದ್ರೋ, ಮಗಿನ ಕರ್ಕಂಡು ಬನ್ನೂರಿಗೆ, ನಮ್ಮವ್ವನ ಮನೆಗೆ ಹೊಂಟೋಯ್ತೀನಿ.”

ಇಂಟರ್‌ವ್ಯೂ ಇದ್ದದ್ದು ಟಿ. ನರಸೀಪುರದಲ್ಲಿ. ಹಿಂದಿನ ಸಂಜೆ ಪುಟ್ಟಬಸವಯ್ಯ ಎಂಬುವರು ಫೋನ್ ಮಾಡಿ, “ಅಯಸ್ಕಾಂತದ ಹಾಸಿಗೆ ಕಂಪ್ನಿ ಸಾ. ಇದ್ರ ಮೇಲೆ ಮಲಗ್ದೋರಿಗೆ ನೂರು ವರ್ಷ ಗ್ಯಾರಂಟಿ. ನಾಳೆ ಹತ್ತು ಗಂಟೆಗೆ ಸಂಗಮದ ಅರಳಿಮರದ ತಾವ ಬಂದ್ಬುಡಿ” ಎಂದಿದ್ದರು. ನಂಜನಗೂಡಿನಲ್ಲಿ ಬಸ್ಸು ಹತ್ತಿದವನು ದಾರಿಯುದ್ದಕ್ಕೂ ‘ಸಂಬಳ ಎಷ್ಟು ಸಾರ್’ ಎಂಬ ಒಂದೇ ಮಾತನ್ನು ಬಾಯಿಪಾಠ ಮಾಡಿದ.

ಸಂಗಮದಲ್ಲಿ ಆಫೀಸೂ ಇಲ್ಲ, ಮೇಜೂ ಇಲ್ಲ. ಮರದ ಕೆಳಗೆ ಏಳೆಂಟು ಜನ ಕೂತು ಮೇಲಕ್ಕೆ ನೋಡುತ್ತಿದ್ದರು. ಮುಂದೆ ಬಾಳೆಯೆಲೆಯಲ್ಲಿ ಎಡೆ, ಪಕ್ಕದಲ್ಲಿ ಹಾರ ಹಾಕಿದ ಫೋಟೋ. ಎರಡು ಹೊಳೆ ಕೂಡುವ ಜಾಗದಲ್ಲಿ ಒಂದು ಅರಳಿ ಎಲೆಯೂ ಅಲುಗುತ್ತಿರಲಿಲ್ಲ.

“ಇಂಟ್ರ್ಯೂಗೆ ಬಂದೋನಾ ಮಗಾ?” ಎಂದಳು ಚಿಕ್ಕಮಾದಮ್ಮ ಎಂಬ ಮುದುಕಿ. “ಕೂತ್ಕೊ. ನಿನ್ನ ಕೇಳ್ಬೇಕಾದವ್ನು ನನ್ ಮಗ ಪುಟ್ಟಬಸವ. ಅಗೋ, ಅಲ್ಲವ್ನೆ.” ಅವಳ ಬೆರಳು ಫೋಟೋದ ಕಡೆಗಿತ್ತು. “ಓಗಿ ಅನ್ನೊಂದು ದಿನ ಆಯ್ತು.”

ಚೆಲುವರಾಜು ಜೇಬಿನಿಂದ ಫೋನು ತೆಗೆದು ತೋರಿಸಿದ. “ಅವ್ವಾ, ನೆನ್ನೆ ಸಂಜೆ ಅವ್ರೇ ಫೋನ್ ಮಾಡಿದ್ರು!”

ಎಲ್ಲರೂ ಒಟ್ಟಿಗೆ ಅವನತ್ತ ತಿರುಗಿದರು. “ಮಾಡಿರ್ತಾನೆ” ಎಂದು ಮುದುಕಿ ನಿಟ್ಟುಸಿರಿಟ್ಟಳು. “ಸುಮ್ಕೆ ಕೂರೋನೇ ಅಲ್ಲ ಅವ್ನು.”

ನಡುಕೊಂಬೆಯಲ್ಲಿ, ಕಾಲಿಗೆ ಕೆಂಪು ದಾರ ಕಟ್ಟಿದ ಕಾಗೆಯೊಂದು ಕೂತಿತ್ತು. ಅದು ಎಡೆಯನ್ನು ನೋಡುತ್ತಲೇ ಇರಲಿಲ್ಲ, ಚೆಲುವರಾಜುವನ್ನೇ ನೋಡುತ್ತಿತ್ತು.

“ನಿನ್ ಮಗಳ ಮದ್ವೆ ನಾನ್ ಮಾಡ್ತೀನಿ ಕಣಣ್ಣಾ, ಎಡೆ ಮುಟ್ಟು” ಎಂದ ಸತ್ತವನ ತಮ್ಮ ಬೋರಯ್ಯ. ಕಾಗೆ ಕದಲಲಿಲ್ಲ. ಬೋರಯ್ಯ ಕಣ್ಣೊರೆಸಿಕೊಂಡ. “ಇವ್ನ ಆಸೆ ಒಂದೇ ಸಾ. ‘ಇನ್ನೊಬ್ಬ ಕೆಲ್ಸಕ್ಕೆ ಸೇರ್ಬೇಕು, ಇನ್ನೊಬ್ಬ’ ಅಂತಲೇ ಪ್ರಾಣ ಬುಟ್ಟ.”

ಚೆಲುವರಾಜು ದಿವ್ಯಳನ್ನು ನೆನೆದು ಧೈರ್ಯ ತಂದುಕೊಂಡ. “ಸಂಬಳ ಎಷ್ಟು ಸಾರ್?”

ಬೋರಯ್ಯ ಟವಲು ಕೊಡವಿದ. ಕಾಗೆ ಒಂದು ಕೊಂಬೆ ಮೇಲಕ್ಕೆ ಹೋಯಿತು.

“ಅಯ್ಯಯ್ಯೋ, ಸಂಬಳದ ಮಾತು ಎತ್ಬ್ಯಾಡ ಮಗಾ!” ಮುದುಕಿ ಎದೆ ಬಡಿದುಕೊಂಡಳು.

“ಬಸ್ ಚಾರ್ಜಾದ್ರೂ...” ಕಾಗೆ ಇನ್ನೊಂದು ಕೊಂಬೆ ಮೇಲೇರಿತು. ಮುದುಕಿಯ ಅಳು ಜೋರಾಯಿತು. ಸತ್ತ ಜೀವ ತನ್ನೊಬ್ಬನಿಂದ ಉಪವಾಸ ಬೀಳುವುದೆಂದರೆ! ಪಾಪ, ಅವನಿಗೆ ಬದುಕಿದವರಿಗೇ ಆಗಲ್ಲ ಅನ್ನಲು ಬರುತ್ತಿರಲಿಲ್ಲ.

“ಬರೀ ಕಮಿಷನ್ನೇ ಸಾಕು” ಎಂದುಬಿಟ್ಟ. ಕಾಗೆ ಎರಡು ಕೊಂಬೆ ಇಳಿಯಿತು. “ಮೊದಲ್ನೇ ಹಾಸಿಗೆ ನಾನೇ ತಗೋತೀನಿ!” ಕಾಗೆ ಸೀದಾ ಎಲೆಯ ಮೇಲೆ ಬಂದು ವಡೆಗೆ ಕೊಕ್ಕು ಹಾಕಿತು. ಜನ ಕೈಮುಗಿದರು. ಬೋರಯ್ಯ ಕಣ್ಣೀರಿನ ನಡುವೆಯೇ ಎರಡು ಕಡೆ ರುಜು ಹಾಕಿಸಿಕೊಂಡ.

ಹಾಸಿಗೆ ಹೊತ್ತು ಬಸ್‌ಸ್ಟ್ಯಾಂಡಿಗೆ ಬಂದರೆ, ಟೀ ಅಂಗಡಿಯಲ್ಲಿ ಫೋಟೋದ ಮುಖವೇ ಬೋಂಡ ತಿನ್ನುತ್ತಿತ್ತು. ಚೆಲುವರಾಜು ಕಿರುಚಲು ಬಾಯಿ ತೆರೆದ.

“ಎದ್ರುಬ್ಯಾಡಿ ಸಾ, ಬದುಕಿವ್ನಿ” ಎಂದ ಪುಟ್ಟಬಸವಯ್ಯ. “ತಿಂಗ್ಳಿಗೊಂದ್ಸಲ ಇಂಗೇ ಸಾಯ್ತೀನಿ. ಜನ ಸೇರಿಸಿದ್ರೆ ತಾನೆ ನಂಗೂ ಕಮಿಷನ್ನು? ಆದ್ರೂ ನೀವು ಬಲೇ ಸಲೀಸು ಕಣ್ರೀ, ಕಾಗೆ ಇಲ್ದೇನೇ ಒಪ್ಕಂಡ್ರಲ್ಲ!”

“ಕಾಗೆ ಇತ್ತಲ್ರೀ! ಟವಲು ಕೊಡವಿದ್ರೆ ಮೇಲಕ್ಕೋಗ್ತಿತ್ತು.”

ಪುಟ್ಟಬಸವಯ್ಯನ ಕೈಲಿದ್ದ ಬೋಂಡ ಅಲ್ಲೇ ನಿಂತಿತು. “ಕಾಲಲ್ಲಿ... ಕೆಂಪು ದಾರ ಇತ್ತಾ?”

“ಇತ್ತು.”

“ಅದು ಮೊನ್ನೆನೇ ಸತ್ತೋಯ್ತು ಸಾ. ನಾನೇ ಸಾಕಿ, ಕಲ್ಸಿ, ನಾನೇ ಮಣ್ಣು ಮಾಡ್ದೆ. ಬೋರಯ್ಯಂಗೆ ಈ ಸುದ್ದಿ ಇನ್ನೂ ಯೋಳೇ ಇಲ್ಲ...” ಅಷ್ಟು ಹೇಳಿ, ಟೀಯ ದುಡ್ಡನ್ನೂ ಕೊಡದೆ, ಚಪ್ಪಲಿ ಬಿಟ್ಟು ಓಡಿದ.

ಕಳಲೆಯಲ್ಲಿ ದಿವ್ಯ ಜಗಲಿಯ ಮೇಲೆ ಕಾಯುತ್ತಿದ್ದಳು. “ಸಂಬಳ ಎಷ್ಟಂತೆ?”

‘ಕೆಲಸವೇ ಬೇಡ ಅಂದೆ’ ಎನ್ನಬೇಕೆಂದು ಬಾಯಿ ತೆರೆದ. ಮನೆಯ ಹೆಂಚಿನ ಮೇಲೆ ಕೆಂಪು ದಾರದ ಕಾಗೆ ಕೂತಿತ್ತು. ಅಷ್ಟು ಬಿಸಿಲಿದ್ದರೂ ಅದರ ನೆರಳು ಎಲ್ಲೂ ಬಿದ್ದಿರಲಿಲ್ಲ.

“ಬರೀ ಕಮಿಷನ್ನು” ಎಂದ ಚೆಲುವರಾಜು.

ಕಾಗೆ ಸೂರಿನ ಅಂಚಿಗೆ ಇಳಿಯಿತು. ದಿವ್ಯ ಒಳಗೆ ಹೋದಳು, ಮಗುವನ್ನೂ ಬ್ಯಾಗನ್ನೂ ಎತ್ತಿಕೊಂಡು ಹೊರಗೆ ಬಂದಳು, ಬನ್ನೂರಿಗೆ ಹೊರಟೇಹೋದಳು. ಕಾಗೆ ಬಂದು ಹಾಸಿಗೆಯ ಸುರುಳಿಯ ಮೇಲೆ ಕೂತಿತು.

“ಇಂಥವು ಎಷ್ಟು ಮಾರಿದ್ರೆ ನನ್ನ ಬಿಡ್ತೀಯಪ್ಪಾ?” ಎಂದು ಚೆಲುವರಾಜು ಕೈಮುಗಿದು ಕೇಳಿದ.

ಕಾಗೆ ಹಾಸಿಗೆಯನ್ನು ಕುಕ್ಕತೊಡಗಿತು. ಒಂದು, ಎರಡು, ಮೂರು ಎಂದು ಅವನು ಎಣಿಸುತ್ತ ಕೂತ. ನೂರು ದಾಟಿದರೂ ಅದು ನಿಲ್ಲಿಸಲಿಲ್ಲ.